ಸ್ವಂತ ಖರ್ಚಿನ ಹಾರರ್ ಕಾದಂಬರಿಗೆ ಓದುಗರ ಅನಿಸಿಕೆ: ಯಾವ ದಾರಿ ಯಾರಿಗೆ ಹೊಂದುತ್ತದೆ?

ಸ್ವಂತ ದುಡ್ಡು ಹಾಕಿ ಹಾರರ್ ಕಾದಂಬರಿ ತರುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪ್ರತಿಲಿಪಿ ಎಂಬ ಕಥೆಗಳ ಆ್ಯಪ್‌ನಲ್ಲಿ ಧಾರಾವಾಹಿಯಾಗಿ ಹಾಕಲೇ, ಪತ್ರಿಕೆಗಳಿಗೆ ಎರಡೆರಡು ಪ್ರತಿ ಕಳಿಸಲೇ, ಯೂಟ್ಯೂಬಿನವರಿಗೆ ಹಣ ಕೊಟ್ಟು ಮಾತಾಡಿಸಲೇ, ಇಲ್ಲ ಕನ್ನಡ ಭವನದಲ್ಲಿ ಬಿಡುಗಡೆ ಸಮಾರಂಭ ಇಟ್ಟುಕೊಳ್ಳಲೇ? ನಾಲ್ಕನ್ನೂ ಅರ್ಧರ್ಧ ಮಾಡಿ ಕೈ ಖಾಲಿ ಮಾಡಿಕೊಳ್ಳುವವರೇ ಹೆಚ್ಚು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೆಂಗಳೂರು ಕೈಗೆಟುಕುವಷ್ಟು ಹತ್ತಿರ. ಹಾಗಾಗಿ ಪ್ರಚಾರ ಎಂದರೆ ಬೆಂಗಳೂರಿನ ಅಂಗಡಿ, ಬೆಂಗಳೂರಿನ ಸಭೆ ಎಂದುಕೊಂಡು ಖರ್ಚು ಅಲ್ಲಿಂದಲೇ ಶುರುವಾಗುತ್ತದೆ. ಆದರೆ ಹೊಸ ಲೇಖಕರ ಹಾರರ್ ಪುಸ್ತಕವನ್ನು ಜನ ಕೊಳ್ಳುವುದು ಅಂಗಡಿಯ ಕಪಾಟು ನೋಡಿ ಅಲ್ಲ. ಅದನ್ನು ಓದಿದ ಯಾರೋ ಅಪರಿಚಿತರು "ರಾತ್ರಿ ದೀಪ ಆರಿಸೋಕೆ ಆಗಲಿಲ್ಲ" ಎಂದು ಬರೆದದ್ದನ್ನು ನೋಡಿ ಕೊಳ್ಳುತ್ತಾರೆ. ಆದ್ದರಿಂದ ಮೊದಲು ಅನಿಸಿಕೆ, ಆಮೇಲೆ ಪ್ರಚಾರ. ಈ ಕ್ರಮ ತಿರುಗಿದರೆ ದುಡ್ಡು ಕೊಟ್ಟು ಕರೆತಂದ ಓದುಗರಿಗೆ ಖಾಲಿ ಪುಟ ತೋರಿಸಿದ ಹಾಗಾಗುತ್ತದೆ.

ಯಾವುದನ್ನು ನೋಡಿ ಆರಿಸಬೇಕು

ಪ್ರತಿ ದಾರಿಗೂ ಐದು ಪ್ರಶ್ನೆ ಕೇಳಿ. ಬರೆಯುವವರು ನಿಮಗೆ ಅಪರಿಚಿತರೇ? ಬರೆದದ್ದು ಮುಂದಿನ ವರ್ಷವೂ ಹುಡುಕಿದರೆ ಸಿಗುತ್ತದೆಯೇ? ಅದನ್ನು ನೋಡುವವರು ಹಾರರ್ ಓದುವವರೇ, ಅಥವಾ ನಿಮ್ಮ ಮೇಲಿನ ಪ್ರೀತಿಗೆ ಲೈಕ್ ಒತ್ತುವವರೇ? ಕಥೆಯ ಗುಟ್ಟು ಬಯಲಾಗದೆ ಉಳಿಯುತ್ತದೆಯೇ? ಕೊನೆಯದು, ಒಂದು ಅನಿಸಿಕೆಗೆ ಎಷ್ಟು ಖರ್ಚು ಬೀಳುತ್ತದೆ?

ಈ ಕೊನೆಯ ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. 200 ಪುಟದ ಡೆಮಿ (ಕಾದಂಬರಿಗಳ ಸಾಮಾನ್ಯ ಅಳತೆ) ಪುಸ್ತಕ, ಮುಖಬೆಲೆ 220 ರೂಪಾಯಿ, ಮುದ್ರಣಕ್ಕೆ ಪ್ರತಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಗೆ ಶೇ 40 ಬಿಟ್ಟರೆ ಕೈಗೆ ಬರುವುದು 132, ಉಳಿಯುವುದು 42. ಒಂದು ಉಚಿತ ಪ್ರತಿ ಕಳಿಸಲು ಪುಸ್ತಕಕ್ಕೆ 90, ಅಂಚೆಗೂ ಲಕೋಟೆಗೂ ಸೇರಿ 35, ಒಟ್ಟು 125 ರೂಪಾಯಿ. ಅಂದರೆ ಅಂಗಡಿಯಲ್ಲಿ ಮೂರು ಪ್ರತಿ ಮಾರಿದರೆ ಒಂದು ಉಚಿತ ಪ್ರತಿಯ ಖರ್ಚು ಹುಟ್ಟುತ್ತದೆ. ಪುಸ್ತಕ ಪಡೆದ ಮೂವರಲ್ಲಿ ಒಬ್ಬರು ಬರೆಯುತ್ತಾರೆ ಎಂದುಕೊಂಡರೆ ಒಂದು ಅನಿಸಿಕೆಗೆ 375 ರೂಪಾಯಿ. ಸಮಾರಂಭಕ್ಕೋ ಜಾಹೀರಾತಿಗೋ ಹಣ ತೆಗೆಯುವ ಮುಂಚೆ ಈ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿ. ನಿಮ್ಮ ಪುಸ್ತಕದ ಬೆಲೆ ಬೇರೆಯಿದ್ದರೆ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

ಪ್ರತಿಲಿಪಿ: ಓದುಗರು ಬೇಗ ಸಿಗುತ್ತಾರೆ, ಪುಸ್ತಕ ಕೊಳ್ಳುವವರು ತಡವಾಗಿ

ದುಡ್ಡೇ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ. ಹಾರರ್ ಹುಡುಕಿಕೊಂಡೇ ಬರುವ ಕನ್ನಡ ಓದುಗರು ಅಲ್ಲಿದ್ದಾರೆ. ಅಧ್ಯಾಯ ಅಧ್ಯಾಯಕ್ಕೂ ನಕ್ಷತ್ರ ಕೊಡುತ್ತಾರೆ, ಕಾಮೆಂಟ್ ಹಾಕುತ್ತಾರೆ. ಒಂದೊಂದು ಭಾಗ ಸಾವಿರದಿಂದ ಒಂದೂವರೆ ಸಾವಿರ ಪದ ಇರಲಿ. ವಾರಕ್ಕೆ ಎರಡು ಅಥವಾ ಮೂರು, ಅದೂ ಗೊತ್ತು ಮಾಡಿದ ದಿನಗಳಲ್ಲೇ ಹಾಕಿ. ಶುರು ಮಾಡುವ ಮುಂಚೆ ಕನಿಷ್ಠ ಹತ್ತು ಭಾಗ ಬರೆದಿಟ್ಟುಕೊಂಡಿರಿ. ನಡುವೆ ಮೂರು ವಾರ ನಿಂತರೆ ಹಿಂಬಾಲಿಸುತ್ತಿದ್ದವರು ಮರಳಿ ಬರುವುದು ಕಷ್ಟ.

ತೊಡಕು ಎರಡಿವೆ. ಒಂದು, ಅಲ್ಲಿ ಬರುವ ಮಾತು ಬಹುಪಾಲು "ಸೂಪರ್", "ಮುಂದಿನ ಭಾಗ ಬೇಗ ಹಾಕಿ" ಎನ್ನುವಷ್ಟರದ್ದು. ಬೆನ್ನುಪುಟಕ್ಕೆ ಹಾಕಲು ಅದರಲ್ಲಿ ಏನೂ ಸಿಗದು. ಆದರೆ ಯಾವ ಭಾಗದಲ್ಲಿ ಓದುಗರ ಸಂಖ್ಯೆ ಇಳಿಯಿತು ಎಂಬುದನ್ನು ಗಮನವಿಟ್ಟು ನೋಡಿ. ಭಯ ಸಡಿಲಗೊಂಡ ಜಾಗ ಅದೇ, ಅಚ್ಚಿಗೆ ಹೋಗುವ ಮುಂಚೆ ತಿದ್ದಬೇಕಾದ ಜಾಗವೂ ಅದೇ. ಎರಡು, ಅದು ಧಾರಾವಾಹಿಗೆ ಒಗ್ಗಿದ ವೇದಿಕೆ. ಪ್ರತಿ ಭಾಗದ ಕೊನೆಗೂ ಬಾಗಿಲು ತಟ್ಟುವ ಕಥೆಗೆ ಅದು ಹೊಂದುತ್ತದೆ. ಅರ್ಧ ಪುಸ್ತಕದವರೆಗೂ ಏನೂ ಆಗದೆ ಮನೆಯ ಗೋಡೆಯ ತೇವದಿಂದಲೇ ಹೆದರಿಸುವ ಕಾದಂಬರಿ ಅಲ್ಲಿ ಸೊರಗುತ್ತದೆ. ಅಂಥ ಪುಸ್ತಕವನ್ನು ಒಂದೇ ಸಲಕ್ಕೆ ಓದಲು ಕೊಡಬೇಕು.

ಮುದ್ರಿತ ಪುಸ್ತಕ ಮಾರುವ ಯೋಚನೆಯಿದ್ದರೆ ಮೊದಲ ಮೂರನೇ ಒಂದು ಭಾಗ ಮಾತ್ರ ಹಾಕಿ, ಹಾಗೆಂದು ಮೊದಲ ಭಾಗದಲ್ಲೇ ಸ್ಪಷ್ಟವಾಗಿ ಹೇಳಿ. ಹೇಳದೆ ನಿಲ್ಲಿಸಿದರೆ ಓದುಗರು ಮೋಸಹೋದೆವೆಂದುಕೊಳ್ಳುತ್ತಾರೆ, ಆ ಸಿಟ್ಟು ಪುಸ್ತಕದ ಹೆಸರಿನ ಕೆಳಗೇ ಉಳಿಯುತ್ತದೆ. ಸ್ಪರ್ಧೆಗೆ ಸೇರಿಸುವಾಗ ಹಕ್ಕಿನ ನಿಯಮ ಪೂರ್ತಿ ಓದಿ.

ಮುಂಗಡ ಪ್ರತಿ: ಶ್ರಮ ಹೆಚ್ಚು, ಫಲವೂ ಹೆಚ್ಚು

ಪುಸ್ತಕ ಬಿಡುಗಡೆಗೆ ಎಂಟು ವಾರ ಮುಂಚೆ, ನೀವೇ ಆರಿಸಿದ ಮೂವತ್ತು ಓದುಗರ ಕೈಗೆ ಪ್ರತಿ ತಲುಪಿಸುವುದು. ಸ್ವಲ್ಪವಾದರೂ ಖರ್ಚು ಮಾಡಬಲ್ಲ ಪ್ರತಿಯೊಬ್ಬರೂ ಮಾಡಲೇಬೇಕಾದ ಕೆಲಸ ಇದು. ಉಳಿದ ದಾರಿಗಳೆಲ್ಲ ಇಲ್ಲಿ ಬಂದ ಮಾತುಗಳನ್ನೇ ಬಳಸಿಕೊಳ್ಳುತ್ತವೆ.

ಪಿಡಿಎಫ್ ಕಳಿಸುವುದೋ ಅಚ್ಚಿನ ಪ್ರತಿಯೋ ಎಂಬುದು ಮೊದಲ ಆಯ್ಕೆ. ಪಿಡಿಎಫ್‌ಗೆ ಖರ್ಚಿಲ್ಲ, ಆದರೆ ಅದು ಟೆಲಿಗ್ರಾಂ ಗುಂಪಿಗೆ ಹೋಗಲು ಒಂದು ಬೆರಳೊತ್ತು ಸಾಕು. ಕಳಿಸಲೇಬೇಕಾದರೆ ಪ್ರತಿ ಪುಟದ ಮೇಲೂ ಆ ಓದುಗರ ಹೆಸರು ತೆಳುವಾಗಿ ಕಾಣುವಂತೆ ಹಾಕಿ ಕಳಿಸಿ. ಕೊನೆಯ ಎರಡು ಅಧ್ಯಾಯಗಳನ್ನು ಬೇರೆ ಕಡತವಾಗಿಟ್ಟುಕೊಂಡು, ಅಲ್ಲಿಯವರೆಗೆ ಓದಿದೆ ಎಂದವರಿಗೆ ಕೊಡಿ. ಮೊಬೈಲಿನಲ್ಲಿ ಡೆಮಿ ಅಳತೆಯ ಪಿಡಿಎಫ್ ಓದುವುದು ಹಿಂಸೆ ಎಂಬುದೂ ನೆನಪಿರಲಿ. ಅರ್ಧಕ್ಕೆ ಬಿಡುವವರಲ್ಲಿ ಎಷ್ಟೋ ಜನ ಕಥೆ ಹಿಡಿಸದೆ ಬಿಟ್ಟವರಲ್ಲ, ಅಕ್ಷರ ಕಾಣದೆ ಬಿಟ್ಟವರು.

ಅಚ್ಚಿನ ಪ್ರತಿಯಾದರೆ ಪೂರ್ತಿ ಮುದ್ರಣಕ್ಕೆ ಮುಂಚೆ ಡಿಜಿಟಲ್ ಪ್ರೆಸ್ಸಿನಲ್ಲಿ ಮೂವತ್ತು ಪ್ರತಿ ಮಾತ್ರ ತೆಗೆಸಿ. ಪ್ರತಿಯ ಬೆಲೆ ಹೆಚ್ಚು ಪ್ರತಿ ತೆಗೆಯುವ ಆಫ್‌ಸೆಟ್ ಮುದ್ರಣಕ್ಕಿಂತ ಜಾಸ್ತಿಯಾಗುತ್ತದೆ, ಆದರೂ ಲಾಭವಿದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಬದಲಿಸಿದಾಗ, ಅಥವಾ ಯೂನಿಕೋಡ್‌ನಿಂದ ನುಡಿಗೆ ತಂದಾಗ, ಅರ್ಕಾವತ್ತು ಜಾರುತ್ತದೆ, ಒತ್ತಕ್ಷರ ಒಡೆಯುತ್ತದೆ. ಭಯದ ದೃಶ್ಯದ ನಡುವೆ ಇಂಥದ್ದೊಂದು ತಪ್ಪು ಬಂದರೆ ಓದುಗರು ಕಥೆಯಿಂದ ಹೊರಗೆ ಬಿದ್ದಂತೆಯೇ. ಮೂವತ್ತು ಜೊತೆ ಕಣ್ಣು ಇದನ್ನೆಲ್ಲ ಹಿಡಿದುಕೊಡುತ್ತವೆ. ಅಷ್ಟೇ ಅಲ್ಲ, ಬೆನ್ನುಪುಟಕ್ಕೆ ಬೇಕಾದ ಒಂದೆರಡು ಸಾಲು ಮುಖಪುಟ ಅಚ್ಚಿಗೆ ಹೋಗುವ ಮುಂಚೆಯೇ ಕೈಗೆ ಬರುತ್ತವೆ. ಮುನ್ನೂರು ಪ್ರತಿ ಮನೆಗೆ ಬಂದ ಮೇಲೆ ಬಂದ ಹೊಗಳಿಕೆಯನ್ನು ಹಾಕಲು ಜಾಗವೇ ಇರುವುದಿಲ್ಲ.

ಯಾರಿಗೆ ಕೊಡಬೇಕು ಎಂಬುದರಲ್ಲೇ ಎಡವುವುದು ಜಾಸ್ತಿ. ಹಾರರ್ ಓದದವರಿಗೆ ಕೊಡಬೇಡಿ, ಅವರು ಎಷ್ಟೇ ದೊಡ್ಡ ಓದುಗರಾಗಿರಲಿ. "ದೆವ್ವದ ಕಥೆ ನನಗೆ ಆಗಿಬರಲ್ಲ, ಆದರೂ ಭಾಷೆ ಚೆನ್ನಾಗಿದೆ" ಎಂಬ ಅನಿಸಿಕೆ ಯಾರಿಗೂ ಪುಸ್ತಕ ಮಾರಿಕೊಡುವುದಿಲ್ಲ. ನೆಂಟರನ್ನೂ ಸಹೋದ್ಯೋಗಿಗಳನ್ನೂ ಈ ಪಟ್ಟಿಯಿಂದ ಹೊರಗಿಡಿ. ಅವರು ಕೊಂಡು ಓದಲಿ. ಹುಡುಕಬೇಕಾದದ್ದು ಫೇಸ್‌ಬುಕ್ಕಿನ ಕನ್ನಡ ಓದುಗರ ಗುಂಪುಗಳಲ್ಲಿ, ಗುಡ್‌ರೀಡ್ಸ್ ಎಂಬ ಓದುಗರ ಜಾಲತಾಣದಲ್ಲಿ, ಪ್ರತಿಲಿಪಿಯ ಕಾಮೆಂಟುಗಳಲ್ಲಿ. ಹಿಂದೆ ಯಾವುದಾದರೂ ಹಾರರ್ ಅಥವಾ ಪತ್ತೇದಾರಿ ಪುಸ್ತಕದ ಬಗ್ಗೆ ಐದಾರು ಸಾಲು, ಕೊರತೆಯನ್ನೂ ಸೇರಿಸಿ ಬರೆದವರು ಸಿಕ್ಕರೆ ಅವರೇ ನಿಮಗೆ ಬೇಕಾದವರು. ನಿಮ್ಮ ಜಿಲ್ಲೆಯವರು ಹತ್ತು ಜನ, ಹೊರಗಿನವರು ಇಪ್ಪತ್ತು ಜನ ಇದ್ದರೆ ಒಳ್ಳೆಯದು. ಕಥೆ ಮಧುಗಿರಿ ಬೆಟ್ಟದ ಬುಡದಲ್ಲೋ 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಕಾಲೋನಿಯಲ್ಲೋ ನಡೆದರೆ, ಜಾಗ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಭಯ ಒಂದೇ ಥರ ತಟ್ಟುತ್ತದೆಯೇ ಎಂದು ತಿಳಿಯುತ್ತದೆ.

ಕೇಳದೆ ಯಾರಿಗೂ ಪುಸ್ತಕ ಕಳಿಸಬೇಡಿ. ಮೊದಲು ಸಣ್ಣ ಸಂದೇಶ ಹೋಗಲಿ:

"ನಮಸ್ಕಾರ ಮೇಡಂ. ನಾನು ಶಿರಾ ಕಡೆಯವನು. ನನ್ನ ಮೊದಲ ಹಾರರ್ ಕಾದಂಬರಿ ಎರಡು ತಿಂಗಳಲ್ಲಿ ಬರ್ತಿದೆ, 208 ಪುಟ. ಕಥೆಯಲ್ಲಿ ಮಗುವಿನ ಸಾವು ಇದೆ, ರಕ್ತದ ವರ್ಣನೆ ಕಡಿಮೆ. ಓದೋ ಮನಸ್ಸಿದ್ದರೆ ಒಂದು ಪ್ರತಿ ಕಳಿಸ್ತೀನಿ. ಹಿಡಿಸಿದರೂ ಹಿಡಿಸದಿದ್ದರೂ ನಿಮಗೆ ಅನ್ನಿಸಿದ್ದನ್ನೇ ಬರೀರಿ. ಬರೀಲೇಬೇಕು ಅಂತಿಲ್ಲ. ಬರೆಯೋದಾದರೆ ಕೊನೆಯ ಗುಟ್ಟು ಮಾತ್ರ ಹೇಳಬೇಡಿ."

ಮಗುವಿನ ಸಾವು, ಲೈಂಗಿಕ ಹಿಂಸೆ, ಆತ್ಮಹತ್ಯೆ ಇವುಗಳನ್ನು ಮುಂಚೆಯೇ ಹೇಳುವುದರಿಂದ ಕಥೆಯ ಕುತೂಹಲ ಕೆಡುವುದಿಲ್ಲ. ಹೇಳದಿದ್ದರೆ ಮನಸ್ಸಿಗೆ ನೋವಾದವರು ಪುಸ್ತಕವನ್ನು ಅರ್ಧಕ್ಕೆ ಮುಚ್ಚಿ ಒಂದು ನಕ್ಷತ್ರ ಕೊಡುತ್ತಾರೆ. ಅದು ಅವರ ತಪ್ಪಲ್ಲ. ಓದಲು ಮೂರರಿಂದ ನಾಲ್ಕು ವಾರ ಬಿಡಿ, ನಡುವೆ ಒಂದೇ ಒಂದು ಸಲ ನೆನಪಿಸಿ. ಎರಡನೇ ಸಲ ಕೇಳಿದರೆ ಒತ್ತಾಯವಾಗುತ್ತದೆ.

ಅಂಚೆಯ ವಿಷಯ. ಹಳೆಯ ನೋಂದಾಯಿತ ಬುಕ್‌ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತಿತು. 2025ರ ಮೇ 1ರಿಂದ ಜ್ಞಾನ ಪೋಸ್ಟ್ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಗೆ 100 ರೂಪಾಯಿ, ಮೇಲೆ ತೆರಿಗೆ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಕಾಗದದ 200 ಪುಟದ ಡೆಮಿ ಪುಸ್ತಕ ಸುಮಾರು 230 ಗ್ರಾಂ ತೂಗುತ್ತದೆ, ಲಕೋಟೆ ಸೇರಿದರೂ 300ರೊಳಗೇ ಇರುತ್ತದೆ. 280 ಪುಟವಾದರೆ ದಾಟುತ್ತದೆ. ಪುಟ ಸಂಖ್ಯೆ ನಿಗದಿ ಮಾಡುವಾಗಲೇ ಇದನ್ನು ಯೋಚಿಸಿ. ಪುಸ್ತಕದಲ್ಲಿ ಮುದ್ರಕರ ಅಥವಾ ಪ್ರಕಾಶಕರ ಹೆಸರು ಇರಬೇಕು, ಜಾಹೀರಾತು ಇರಬಾರದು. ಈ ಸೇವೆ ಇರುವುದು ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ. ಕಾದಂಬರಿಯನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಒಂದು ಪ್ರತಿ ಹಿಡಿದುಕೊಂಡು ಹೋಗಿ ಪ್ರಧಾನ ಅಂಚೆ ಕಚೇರಿಯ ಕೌಂಟರಿನಲ್ಲಿ ಕೇಳಿ, ಆಮೇಲೆ ಮೂವತ್ತು ಲಕೋಟೆ ಅಂಟಿಸಿ.

ಬಂದ ಅನಿಸಿಕೆ ಎಲ್ಲಿ ಕೂರಬೇಕು

ವಾಟ್ಸ್ಆ್ಯಪ್‌ನಲ್ಲಿ ಬಂದ ಒಳ್ಳೆಯ ಮಾತು ನಿಮ್ಮ ಫೋನಿನಲ್ಲೇ ಸತ್ತುಹೋಗುತ್ತದೆ. "ಇದನ್ನೇ ಗುಡ್‌ರೀಡ್ಸ್‌ನಲ್ಲೋ ಫೇಸ್‌ಬುಕ್ಕಿನಲ್ಲೋ ಹಾಕ್ತೀರಾ ಸರ್?" ಎಂದು ಅಲ್ಲೇ ಕೇಳಿ, ಇಲ್ಲವಾದರೆ ಹೆಸರು ಹಾಕಿ ಬಳಸಿಕೊಳ್ಳಲು ಅನುಮತಿ ಪಡೆಯಿರಿ.

ಅಮೆಜಾನ್‌ನಲ್ಲಿ ಬೀಳುವ ಅನಿಸಿಕೆ ಕೊಳ್ಳುವವರ ಕಣ್ಣೆದುರಿಗೇ ಇರುತ್ತದೆ, ಅದಕ್ಕೇ ಬೆಲೆ. ಆದರೆ ನಿಯಮವೂ ಅಲ್ಲೇ ಬಿಗಿ. ಮನೆಯವರು, ಹತ್ತಿರದ ಸ್ನೇಹಿತರು ಬರೆಯುವಂತಿಲ್ಲ. ಉಚಿತ ಪ್ರತಿ ಕೊಡಬಹುದು, ಅದಕ್ಕೆ ಬದಲಾಗಿ ಅನಿಸಿಕೆ ಬೇಕೆಂದು ಷರತ್ತು ಹಾಕುವಂತಿಲ್ಲ. ಉಚಿತವಾಗಿ ಪಡೆದವರ ಬರಹಕ್ಕೆ 'ಖರೀದಿ ದೃಢಪಟ್ಟಿದೆ' ಎಂಬ ಗುರುತೂ ಬರುವುದಿಲ್ಲ. ಗುಡ್‌ರೀಡ್ಸ್ ಅಂಗಡಿಯಲ್ಲ, ಹಾಗಾಗಿ ಪುಸ್ತಕ ಎಲ್ಲಿ ಮಾರಿದರೂ ಅನಿಸಿಕೆ ಅಲ್ಲಿ ಉಳಿಯುತ್ತದೆ. ಪುಸ್ತಕದ ಪುಟ ಇಲ್ಲದಿದ್ದರೆ ಅಲ್ಲಿನ ಸ್ವಯಂಸೇವಕ ಗ್ರಂಥಪಾಲಕರ ಗುಂಪಿನಲ್ಲಿ ಕೇಳಿ ಮಾಡಿಸಿಕೊಳ್ಳಬಹುದು. ಐಎಸ್‌ಬಿಎನ್ ಎಂಬ ಪುಸ್ತಕದ ಗುರುತಿನ ಸಂಖ್ಯೆ ಇದ್ದರೆ ಎಲ್ಲ ಕಡೆಯೂ ಕೆಲಸ ಸಲೀಸು. ಭಾರತದಲ್ಲಿ ಅದನ್ನು ರಾಜಾ ರಾಮಮೋಹನ ರಾಯ್ ಐಎಸ್‌ಬಿಎನ್ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದಕ್ಕಾಗಿ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಕೊಡಬೇಡಿ.

ಇ-ಪುಸ್ತಕ ಮಾಡುವವರಿಗೆ ಒಂದು ಎಚ್ಚರಿಕೆ. 2016ರಲ್ಲಿ ಅಮೆಜಾನ್‌ನ ಕಿಂಡಲ್ ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಬಂದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಈಗಿನ ಪಟ್ಟಿ ನೋಡದೆ ಕಿಂಡಲ್‌ಗೆಂದು ಪುಟವಿನ್ಯಾಸಕ್ಕೆ ಹಣ ಸುರಿಯಬೇಡಿ. ಗೂಗಲ್ ಪ್ಲೇ ಬುಕ್ಸ್, ಮೈಲ್ಯಾಂಗ್‌ನಂಥ ಕಡೆ ಕನ್ನಡ ಪುಸ್ತಕಗಳು ಮಾರಾಟದಲ್ಲಿವೆ.

ಪತ್ರಿಕೆಯ ವಿಮರ್ಶೆ

ಎರಡು ಪ್ರತಿ, ಒಂದು ಪುಟದ ಪರಿಚಯ ಪತ್ರ, ಮುಖಪುಟದ ಚಿತ್ರ. ರಾಜ್ಯಮಟ್ಟದ ಪತ್ರಿಕೆಗಳ ಭಾನುವಾರದ ಪುರವಣಿಗೆ ಬರುವ ಪುಸ್ತಕಗಳ ರಾಶಿಯೇ ದೊಡ್ಡದು. ಹಾರರ್‌ಗೆ ಅಲ್ಲಿ ಜಾಗ ಸಿಗುವುದು ಅಪರೂಪ, ಸಿಕ್ಕರೂ ತಿಂಗಳುಗಳಾಗುತ್ತವೆ. ಬಂದ ಪುಸ್ತಕಗಳ ಹೆಸರಷ್ಟೇ ಹಾಕುವ 'ಸಾದರ ಸ್ವೀಕಾರ'ದಲ್ಲಿ ಹೆಸರು ಬಂದರೂ ಅದನ್ನು ನೋಡಿ ಕೊಳ್ಳುವವರು ಕಡಿಮೆ. ಆದರೆ ಗ್ರಂಥಾಲಯದವರು, ಅಧ್ಯಾಪಕರು, ಪರಿಷತ್ತಿನವರು ಓದುವುದು ಪತ್ರಿಕೆಯನ್ನೇ, ಮನ್ನಣೆ ಬೇಕೆನ್ನುವವರು ಇದನ್ನು ಬಿಡಬಾರದು. ತುಮಕೂರಿನವರಿಗೆ ಪ್ರಜಾಪ್ರಗತಿಯಂಥ ಜಿಲ್ಲಾ ಪತ್ರಿಕೆಯಲ್ಲಿ ಅವಕಾಶ ಹೆಚ್ಚು. ಊರಿನ ಲೇಖಕರು, ಊರಿನ ಕಥೆ ಎಂಬುದು ಅಲ್ಲಿ ಸುದ್ದಿಯೂ ಹೌದು.

ಯೂಟ್ಯೂಬ್, ಇನ್‌ಸ್ಟಾಗ್ರಾಂ ಮತ್ತು ಹಣ

ಪುಸ್ತಕದ ಬಗ್ಗೆ ಮಾತಾಡುವ ಚಾನೆಲ್ ಬೇರೆ, ದೆವ್ವದ ಕಥೆ ಹೇಳುವ ಚಾನೆಲ್ ಬೇರೆ. ಎರಡನೆಯದಕ್ಕೆ ಕೇಳುಗರು ಹೆಚ್ಚು, ಆದರೆ ಅವರು ಕೇಳಲು ಬಂದವರು. ಇಡೀ ಕಥೆಯನ್ನೇ ಅಲ್ಲಿ ಹೇಳಿಸಿದರೆ ಪುಸ್ತಕ ಯಾರಿಗೂ ಬೇಕಾಗುವುದಿಲ್ಲ. ಮೊದಲ ಅಧ್ಯಾಯಕ್ಕೆ ಮಾತ್ರ ಒಪ್ಪಿಗೆ ಕೊಡಿ, ಬರಹದಲ್ಲಿ ಕೊಡಿ. ಪುಸ್ತಕದ ಚಾನೆಲ್‌ನವರಿಗೆ ಪ್ರತಿ ಕಳಿಸಿ, ಹಣ ಕೊಡಬೇಡಿ ಎಂಬುದೇ ನಮ್ಮ ಸಲಹೆ. ಕೊಟ್ಟರೆ, ಅದು ಪ್ರಾಯೋಜಿತ ಎಂದು ಅವರು ಹೇಳಲೇಬೇಕು. ಎಎಸ್‌ಸಿಐ ಎಂಬ ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಉಚಿತವಾಗಿ ಪಡೆದ ವಸ್ತುವಿಗೂ ಅನ್ವಯಿಸುತ್ತದೆ. ಇಷ್ಟು ಹಣಕ್ಕೆ ಇಷ್ಟು ಐದು ನಕ್ಷತ್ರ ಎಂದು ಮಾರುವವರ ಸಹವಾಸ ಬೇಡವೇ ಬೇಡ. ಒಂದೇ ದಿನ ಒಂದೇ ಧಾಟಿಯ ಹದಿನೈದು ಹೊಗಳಿಕೆ ಬಿದ್ದರೆ ನಿಜವಾದ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಜಾಲತಾಣ ಅವನ್ನು ಅಳಿಸುವಾಗ ಅಸಲಿ ಅನಿಸಿಕೆಯೂ ಜೊತೆಗೆ ಹೋಗಬಹುದು.

ಫೇಸ್‌ಬುಕ್ ಜಾಹೀರಾತು ಕೊನೆಗಿರಲಿ. ಅಪರಿಚಿತರ ಹತ್ತು ಅನಿಸಿಕೆ ಸೇರುವವರೆಗೆ ಒಂದು ರೂಪಾಯಿಯೂ ಬೇಡ.

ಊರೊಳಗೆ

ಬಿಡುಗಡೆ ಸಮಾರಂಭಕ್ಕೆ ಸಭಾಂಗಣ, ಮೈಕು, ಬ್ಯಾನರ್, ಹಾರ, ಶಾಲು, ಉಪಾಹಾರ ಎಲ್ಲ ಸೇರಿ ಹದಿನೈದು ಸಾವಿರ ಸುಲಭವಾಗಿ ಕರಗುತ್ತದೆ. ಬರುವವರು ಬಹುಪಾಲು ಪರಿಚಿತರು. ಮೇಲಿನ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಇದು ಸರಿಯಾಗಿ ಉತ್ತರ ಕೊಡುವುದಿಲ್ಲ. ಅದೇ ಹಣದಲ್ಲಿ ನೂರಿಪ್ಪತ್ತು ಜನಕ್ಕೆ ಪುಸ್ತಕ ಮುಟ್ಟಿಸಬಹುದು. ಸಮಾರಂಭದ ಸಂತೋಷಕ್ಕೆ ಬೆಲೆಯಿಲ್ಲವೆಂದಲ್ಲ, ಅದನ್ನು ಪ್ರಚಾರದ ಖಾತೆಯಲ್ಲಿ ಬರೆಯಬೇಡಿ.

ನಮ್ಮ ಜಿಲ್ಲೆಗಳಲ್ಲಿ ಇದಕ್ಕಿಂತ ಕೆಲಸಕ್ಕೆ ಬರುವುದು ರೈಲು. ತುಮಕೂರಿನಿಂದ, ಬಂಗಾರಪೇಟೆ, ಮಾಲೂರು, ಕೆಜಿಎಫ್ ಕಡೆಯಿಂದ ದಿನಾ ಬೆಂಗಳೂರಿಗೆ ಹೋಗಿಬರುವ ಪಾಸಿನವರಿಗೆ ಕೈಯಲ್ಲಿ ಫೋನು, ಎದುರಿಗೆ ಗಂಟೆಗಟ್ಟಲೆ ಪ್ರಯಾಣ. ಅವರ ವಾಟ್ಸ್ಆ್ಯಪ್ ಗುಂಪುಗಳಿಗೆ ಮೊದಲ ಅಧ್ಯಾಯವನ್ನು ಹತ್ತು ನಿಮಿಷದ ಆಡಿಯೊ ಮಾಡಿ ಕೊಡಿ. 64 ಕೆಬಿಪಿಎಸ್ ಮೋನೊದಲ್ಲಿ ಉಳಿಸಿದರೆ ಕಡತ 5 ಎಂಬಿಯೊಳಗಿರುತ್ತದೆ, ನೆಟ್‌ವರ್ಕ್ ಹೋದ ಕಡೆಯೂ ಕೇಳಬಹುದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅಲ್ಲಿನ ಎಷ್ಟೋ ಜನ ಪುಸ್ತಕಕ್ಕಿಂತ ಮೊದಲು ದನಿಗೆ ಒಲಿಯುತ್ತಾರೆ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಬಳಸುವುದಾದರೆ ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಒಂದು ಪಟ್ಟಿಗೆ 256 ಜನ.

ಪ್ರಚಾರದ ಹುಮ್ಮಸ್ಸಿನಲ್ಲಿ ಮೂರುದಾರಿ ಕೂಡುವ ಕಡೆ ನಿಂಬೆಹಣ್ಣು, ಕುಂಕುಮ ಇಟ್ಟು ವಿಡಿಯೊ ಮಾಡುವುದು, ಇಂಥ ಊರಿನ ಇಂಥ ಮನೆಯಲ್ಲಿ ನಿಜವಾಗಿ ದೆವ್ವವಿದೆ ಎಂದು ಹಬ್ಬಿಸುವುದು ಬೇಡ. ಕಾದಂಬರಿ ಬರೆಯಲು ಯಾವ ತಡೆಯೂ ಇಲ್ಲ. ಆದರೆ ದೆವ್ವದ ಹೆಸರಿನಲ್ಲಿ ಜನರಲ್ಲಿ ಭೀತಿ ಹುಟ್ಟಿಸುವುದು ರಾಜ್ಯದ 2017ರ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆಯ ವ್ಯಾಪ್ತಿಗೆ ಬರುವ ವಿಷಯ. ಆ ಮನೆಯಲ್ಲಿ ಬದುಕುತ್ತಿರುವವರ ಮರ್ಯಾದೆಯ ಪ್ರಶ್ನೆ ಅದಕ್ಕಿಂತ ದೊಡ್ಡದು.

ಪೂರ್ತಿ ಮುದ್ರಣದ ಖರ್ಚು ಬಿಟ್ಟು ನಿಮ್ಮ ಕೈಯಲ್ಲಿ ಎಷ್ಟಿದೆ

ಎರಡು ಮೂರು ಸಾವಿರ ಇದ್ದರೆ: ಪ್ರತಿಲಿಪಿಯಲ್ಲಿ ಮೂರನೇ ಒಂದು ಭಾಗ, ಹೆಸರು ಹಾಕಿದ ಪಿಡಿಎಫ್ ಇಪ್ಪತ್ತು ಜನಕ್ಕೆ, ಹತ್ತು ನಿಮಿಷದ ಆಡಿಯೊ. ಪುಸ್ತಕ ಅಚ್ಚು ಹಾಕಿಸುವ ನಿರ್ಧಾರವನ್ನು ಬಂದ ಅನಿಸಿಕೆ ನೋಡಿ ಮಾಡಿ.

ಹತ್ತರಿಂದ ಹದಿನೈದು ಸಾವಿರ ಇದ್ದರೆ: ಮೂವತ್ತು ಅಚ್ಚಿನ ಮುಂಗಡ ಪ್ರತಿ ಮೊದಲು. ತಿದ್ದಿದ ಪೂರ್ತಿ ಮುದ್ರಣ ಬಂದ ಮೇಲೆ ಪುಸ್ತಕದ ಚಾನೆಲ್‌ಗಳಿಗೆ ಹತ್ತು, ಪತ್ರಿಕೆಗಳಿಗೆ ಹತ್ತು ಪ್ರತಿ. ಉಳಿದದ್ದನ್ನು ಮುಟ್ಟದೆ ಇಟ್ಟುಕೊಂಡು, ಯಾವ ಕಡೆಯಿಂದ ಓದುಗರು ಬಂದರೋ ಅಲ್ಲಿಗೇ ಎರಡನೇ ಸುತ್ತು ಕಳಿಸಿ.

ಅದಕ್ಕಿಂತ ಹೆಚ್ಚಿದ್ದು ಮುಂದಿನ ಪುಸ್ತಕದ ಯೋಚನೆಯೂ ಇದ್ದರೆ ಜಾಹೀರಾತಿಗೆ ಹಾಕುವ ಬದಲು ಇನ್ನೂ ನಲವತ್ತು ಪ್ರತಿ ಹಂಚಿ. ಮೊದಲ ಪುಸ್ತಕ ಓದಿ ಬರೆದವರು ಎರಡನೆಯದಕ್ಕೆ ಕಾಯುತ್ತಾರೆ. ಅವರ ಹೆಸರು, ವಿಳಾಸ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಹೂಡಿದ ಹಣ ವಾಪಸ್ ಬರಲಿ, ಓದುಗರ ಮಾತು ಆಮೇಲೆ ಎನ್ನುವವರಿಗೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಏಕಗವಾಕ್ಷಿ ಖರೀದಿ ಇದೆ, ಕನ್ನಡ ಪುಸ್ತಕ ಪ್ರಾಧಿಕಾರದ ಸಗಟು ಖರೀದಿ ಇದೆ. ಲೇಖಕ-ಪ್ರಕಾಶಕರೂ ಅರ್ಜಿ ಹಾಕಬಹುದು. ಅರ್ಜಿ ಕರೆಯುವುದು ಪ್ರಕಟಣೆಯ ವರ್ಷದ ಲೆಕ್ಕದಲ್ಲಿ, ಆದ್ದರಿಂದ ಪುಸ್ತಕದ ಒಳಪುಟದಲ್ಲಿ ಮೊದಲ ಮುದ್ರಣದ ವರ್ಷ ತಪ್ಪಿಲ್ಲದೆ ಅಚ್ಚಾಗಿರಬೇಕು. ಆಯ್ಕೆಯಾದರೂ ಹಣ ಬರಲು ತಡವಾಗುತ್ತದೆ. ಆ ಹಣವನ್ನು ನಂಬಿ ಮುದ್ರಣಕ್ಕೆ ಸಾಲ ಮಾಡಬೇಡಿ.